ಅರವತ್ತನೆಯ ಎಲೆ

ರಾತ್ರಿ ಹನ್ನೊಂದರೊಳಗೆ ಪಟ್ಟಿ ಕಳಿಸಬೇಕು.
ಈಗ ಒಂಬತ್ತೂಕಾಲು.
ಕುಶಿರೋದ ಬಂದರಿನ ಮೇಲೆ ಎಂಥ ಮಂಜೆಂದರೆ
ಕ್ರೇನುಗಳು ಸೊಂಟದವರೆಗಷ್ಟೇ ಇವೆ.
ನೂಡಲ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ
ಮೇಜಿನ ತುಂಬ ಎಲೆ ಹರಡಿಕೊಂಡು ಕೂತಿದ್ದೇವೆ
ನಾನು, ಕನಾಯೆ,
ಹೀಟರು ಬಿಟ್ಟೇಳದ ಅಂಗಡಿಯ ಯಜಮಾನ ಇವಾಬುಚಿ.

ಮೂರು ಕಟ್ಟು.
ಒಂದು, ಕಿಡಿ.
ನಾಲ್ಕೇ ಸರದಿಯಲ್ಲಿ ಮನೆ ಸುಟ್ಟು ಹೊರಟುಬಿಡುತ್ತದೆ.
ಯೋಚನೆಯೇ ಬೇಡ ಅದಕ್ಕೆ, ಎನ್ನುತ್ತಾರೆ.
ಸುಳ್ಳು. ಯೋಚಿಸಲು ಹೊತ್ತಿಲ್ಲ, ಅಷ್ಟೇ.

ಇನ್ನೊಂದು ಆಳಗಡಲು, ಕಿಡಿಗೆ ಮದ್ದು.
ಬೇಡ, ಬೇಡ, ಬೇಡ ಎನ್ನುತ್ತಲೇ ಗೆಲ್ಲುವ ಕಟ್ಟು.
ಎದುರಿನವನು ಇಟ್ಟದ್ದನ್ನೆಲ್ಲ ಮುಳುಗಿಸಿ
ನಲವತ್ತು ನಿಮಿಷ ಕಳೆದ ಮೇಲೆ
ಒಂದೇ ಒಂದು ತಿಮಿಂಗಿಲ.

ಉಳಿದದ್ದು ನನ್ನದು. ಅದಕ್ಕೆ ಹೆಸರಿಲ್ಲ.
ಜೊಂಡುಹುಲ್ಲು, ಆಮೆ, ಮಿಂಚುಹುಳ,
ಸಾಲ ಕೊಟ್ಟು ಮರೆತ ಮುದುಕಿ.
ಮಾರಾಟವಾಗದ ಮೀನು ಎನ್ನುತ್ತಾಳೆ ಕನಾಯೆ.
ಬೆಳಗಿನ ಜಾವ ಮೂರಕ್ಕೆ ಮಾರುಕಟ್ಟೆಯಲ್ಲಿ
ಮೀನು ವಿಂಗಡಿಸುವವನು ನಾನು;
ಮಾತು ತಾಗುತ್ತದೆ.

ಲೆಕ್ಕ ಕೇಳು, ಅಂದಳು, ರಸೀದಿಯ ಬೆನ್ನ ಮೇಲೆ ಗೀಚುತ್ತ.
ನಾಳೆ ಸಪ್ಪೊರೋದಲ್ಲಿ ಇನ್ನೂರು ಜನ.
ಎಲ್ಲರೂ ಕಿಡಿ ತರುತ್ತಾರೆ.
ಅದು ಗೊತ್ತಿರುವುದರಿಂದ ಎಲ್ಲರೂ ಕಡಲು ತರುತ್ತಾರೆ.
ಕಡಲಿಗಾದರೆ ನಿನ್ನ ಹಳಸಿದ ಮೀನೇ ಸರಿ.
ಆದರೆ ಇದನ್ನೂ ಅವರು ಯೋಚಿಸಿಟ್ಟಿದ್ದರೆ
ಮತ್ತೆ ಕಿಡಿ.
ಪೆನ್ಸಿಲ್ಲು ಸುತ್ತುಹಾಕಿ
ಹೊರಟಲ್ಲಿಗೇ ಬಂದು ಮುರಿಯಿತು.

ಕಂಡರಿಯದ ಇನ್ನೂರು ತಲೆಗಳೊಳಗೆ ಹೊಕ್ಕು
ನನ್ನ ಬಗ್ಗೆ ಏನೆಂದುಕೊಂಡಿದ್ದಾರೆಂದು ತಡಕಾಡಿದೆ.
ಯಾರೂ ಏನೂ ಅಂದುಕೊಂಡಿರಲಿಲ್ಲ.
ಒಂದು ಥರ ನೆಮ್ಮದಿ.

ಆಡಿ ನೋಡಿದೆವು.
ಕಿಡಿ ನನ್ನ ಕೈಗೆ ಹತ್ತಲಿಲ್ಲ.
ಕಡಲು ಕೈಗೆ ಬಂತು, ಮನಸ್ಸಿಗೆ ಬರಲಿಲ್ಲ.
ನನ್ನದು ಎರಡು ಸಲ ಕೈಕೊಟ್ಟಿತು,
ಕೊಟ್ಟ ರೀತಿ ಮಾತ್ರ ಗೊತ್ತಿದ್ದದ್ದೇ,
ಮನೆಯವರ ಹಾಗೆ.
ಕಟ್ಟಿಗೆ ಸೇರಿದ ಎಲೆ ಕೈಗೆ ಬರದಿರುತ್ತದೆಯೇ,
ಕಾಯಬೇಕು, ಅಂದೆ.
ಗಡಿಯಾರಕ್ಕೆ ಹೇಳು, ಅಂದಳು.

ಹತ್ತೂ ನಲವತ್ತು. ಐವತ್ತೊಂಬತ್ತು ಎಲೆ ಗಟ್ಟಿಯಾದವು.
ಉಳಿದ ಒಂದಕ್ಕೆ
ಮಳೆಮೋಡ ಹಾಕು, ಕಿಡಿ ಆರುತ್ತದೆ ಎಂದು ಅವಳು,
ಆಮೆಯೇ ಇನ್ನೊಂದಿರಲಿ ಎಂದು ನಾನು.
ಐವತ್ತೊಂಬತ್ತಕ್ಕೆ ಇಲ್ಲದ ಜಗಳ.
ಸಂಜೆಯಿಂದ ಬಾಯಿ ಬಿಡದ ಇವಾಬುಚಿ
ಡ್ರಾಯರು ಎಳೆದು ಒಂದನ್ನು ಮೇಜಿಗೆ ಹಾಕಿದ.
ಬಂದರಿನ ಬೆಕ್ಕು.
ಮೂವತ್ತು ಯೆನ್ನಿನ ಎಲೆ, ಯಾರೂ ಆಡುವುದಿಲ್ಲ.
ಅದು ಬಂದಾಗ ಇಬ್ಬರೂ ತಮ್ಮ ತಮ್ಮ ಕೈ
ಎಲ್ಲ ಕಾಣುವ ಹಾಗೆ ಬಿಚ್ಚಿಡಬೇಕು,
ಅಷ್ಟೇ ಅದರ ಕೆಲಸ.
ಇದರಿಂದ ಗೆಲ್ಲುತ್ತೇನಾ, ಅಂದೆ.
ಇಲ್ಲ, ಅಂದ.
ಮತ್ತೇಕೆ ಎಂದು ಕೇಳುವಷ್ಟರಲ್ಲಿ
ಕೆಟಲಿನ ನೀರು ಕುದಿದು, ಎದ್ದುಹೋದ.
ದುಡ್ಡು ಮುಟ್ಟಲಿಲ್ಲ.

ಹತ್ತೂ ಐವತ್ತೆಂಟಕ್ಕೆ ಕಳಿಸಿದೆ.
ಕನಾಯೆ ಮಾತು ಬಿಟ್ಟಳು, ಬೆಳಗಿನ ರೈಲಿನವರೆಗೆ.

ಏಳು ಸುತ್ತು. ನಾಲ್ಕು ಗೆದ್ದೆ.
ಬೆಕ್ಕು ಬಂದದ್ದು ಒಂದೇ ಸಲ, ಐದನೆಯ ಸುತ್ತಿನಲ್ಲಿ,
ಹೆಚ್ಚುಕಮ್ಮಿ ಸೋತಾಗಿದ್ದ ಆಟದಲ್ಲಿ.
ಎದುರಿಗೆ ಹದಿನಾಲ್ಕರ ಹುಡುಗಿ,
ಮೂಗಿಗೆ ಶೀತ, ಮುಂದೆ ಕಿಡಿ.
ಮೂರು ಸರದಿಯಿಂದ ಎರಡು ಎಲೆ ಎದೆಗೊತ್ತಿ ಹಿಡಿದು
ನನ್ನನ್ನೇ ನೋಡುತ್ತಿದ್ದಳು,
ನಾನು ಒಂದು ಆಮೆಯನ್ನೂ ಮುಂದೆ ಬಿಟ್ಟಿರಲಿಲ್ಲ.
ಬಿಚ್ಚಿಟ್ಟೆವು.
ಅವಳ ಕೈಯಲ್ಲಿ ಎರಡೂ ಬರೀ ಸೌದೆ.
ಬೆಂಕಿಯೇ ಇಲ್ಲ.

ಅವಳಿಗೆ ನಗು ತಡೆಯಲಾಗಲಿಲ್ಲ, ನನಗೂ.
ಪಕ್ಕದ ಮೇಜಿನವರು ತಿರುಗಿ ನೋಡಿದರು.
ಆಮೇಲೆ ಅವಳು ಮೂಗೊರೆಸಿಕೊಂಡು
ಕಟ್ಟಿನ ಮೇಲಿಂದ ಒಂದೆಲೆ ಎಳೆದಳು.
ಕಿಡಿ.