ಮುಳ್ಳು ಯಾರ ಕಡೆ

ಸಿದ್ದಾಪುರದಾಚೆ, ಆನೆ ಕಂದಕ ದಾಟಿದ ಮೇಲೆ ಸಿಗುವ ತೋಟದಲ್ಲಿ
ನಾನು ರೈಟರ್.
ರೈಟರ್ ಅಂದರೆ ಕತೆ ಬರೆಯುವವಳಲ್ಲ.
ಸಂಜೆ ನಾಲ್ಕಕ್ಕೆ ಕಣದ ಅಂಚಿನ ಹಲಸಿನ ಕೊಂಬೆಗೆ
ಗಡಿಯಾರದಂಥ ತಕ್ಕಡಿ ತೂಗುಹಾಕಿ,
ಹಣ್ಣು ಕೊಯ್ದವರ ಚೀಲ ಏರಿಸಿ,
ಓಲಾಡುವ ಚೀಲವನ್ನು ಹೆಬ್ಬೆರಳು ಕೊಟ್ಟು ನಿಲ್ಲಿಸಿ,
ಒಂದು ಅಂಕಿ ಬರೆಯುವವಳು.

ಮುಳ್ಳು ನಿಲ್ಲುವ ಮುಂಚೆ ಸ್ವಲ್ಪ ನಡುಗುತ್ತದೆ.
ಆ ನಡುಕದೊಳಗೆ ಅರ್ಧ ಕಿಲೋ ಇದೆ.
ಅದು ಯಾರದು ಎಂದು
ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಚಂಗಪ್ಪ ದೊರೆ ಕಡಿ ಎನ್ನಲಿಲ್ಲ.
ಒಮ್ಮೆಯೂ ಎನ್ನಲಿಲ್ಲ, ಆಣೆ ಇಡುತ್ತೇನೆ.
ಮೊದಲ ವಾರ ಪುಸ್ತಕ ತಿರುವುತ್ತಾ, ಕನ್ನಡಕ ಒರೆಸುತ್ತಾ
"ಹಳೇ ರೈಟರ್ ಅಚ್ಯುತನ್ ಇದ್ದಾಗ
ಲೆಕ್ಕ ಚೊಕ್ಕವಾಗಿರ್ತಿತ್ತು" ಅಂದರು, ಅಷ್ಟೆ.
ಚೊಕ್ಕ.
ರಾತ್ರಿಯಿಡೀ ಆ ಮಾತು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳು.
ಮರುದಿನದಿಂದ ನನ್ನ ಪೆನ್ಸಿಲ್
ಮಣ್ಣಿಗೆ ಅಂತ ಕಾಲು ಕಿಲೋ, ಎಲೆಗೆ ಅಂತ ಕಾಲು,
ಇಬ್ಬನಿಗೆ ಅಂತಲೂ ಕಾಲು
(ಸಂಜೆ ನಾಲ್ಕು ಗಂಟೆಯ ಇಬ್ಬನಿ!)
ಕಡಿಯತೊಡಗಿತು.
ಬಂಗಲೆಯಿಂದ ನನ್ನ ಮೇಜಿಗೆ ಹಾಲು ಹಾಕಿದ ಕಾಫಿ ಬಂತು.
ನಮ್ಮವ್ವ ಇದೇ ತೋಟದಲ್ಲಿ ಹದಿನೇಳು ಫಸಲು ಕೊಯ್ದವಳು,
ಬೆಲ್ಲ ಕಚ್ಚಿ ಕಪ್ಪು ಕಾಫಿ ಕುಡಿದವಳು.
ಅದು ನೆನಪಿದ್ದೇ ಕುಡಿದೆ.

ಎದುರಿಗೆ ಸಾಲು.
ಪಂಜರಿ ಎರವರ ಚೋಮಿ, ಅವಳ ಸೊಸೆ ಬೊಳ್ಳಿ,
ಅಸ್ಸಾಮಿನಿಂದ ಬಂದ ಜಮೀಲಾ.
ಅವಳಿಗೆ ಬರುತ್ತಿದ್ದ ಕನ್ನಡ ಮೂರೇ ಪದ:
ಬಾ, ಹೋಗು, ಎಷ್ಟು.
ಎಷ್ಟು ಎಂದು ಕೇಳುವಳು.
ನಾನು ಹೇಳಿದ್ದೇ ಎಷ್ಟು.
ತಕ್ಕಡಿಯ ಮುಖ ನನ್ನ ಕಡೆ, ಬೆನ್ನು ಅವರ ಕಡೆ.
ಕೊಕ್ಕೆಯನ್ನು ಹಾಗೆ ಬಿಗಿದವರು ಯಾರೋ, ಎಂದೋ.
ನಾನಲ್ಲವಲ್ಲ ಎಂದುಕೊಂಡು ನಿದ್ದೆ ಮಾಡುತ್ತಿದ್ದೆ.

ಫೆಬ್ರವರಿಯ ಒಂದು ಸಂಜೆ ಚೋಮಿ
ಚೀಲದ ಬದಲು ರೇಷನ್ ಅಕ್ಕಿಯ ಗಂಟು ತಂದಳು.
"ಐದು ಕಿಲೋ ಅಂತ ಕೊಟ್ಟದ್ದು. ಮೊದ್ಲು ಇದನ್ನ ತೂಗು."
ದನಿ ಏರಿಸಲಿಲ್ಲ, ಅರ್ಜಿ ಹಿಡಿಯಲಿಲ್ಲ.
ಗಂಟನ್ನು ತಾನೇ ಕೊಕ್ಕೆಗೆ ಸಿಕ್ಕಿಸಿ
ಸುತ್ತು ಬಳಸಿ ನನ್ನ ಬೆನ್ನ ಹಿಂದೆ ಬಂದು ನಿಂತಳು.
ಸಾಲಿಗೆ ಸಾಲೇ ಬಳಸಿ ಬಂದು ನಿಂತಿತು.
ಮುಳ್ಳು ನಡುಗಿ, ನಡುಗಿ,
ನಾಲ್ಕೂವರೆಗೆ ನಿಂತಿತು.

ತೋಟದ ತಕ್ಕಡಿಯ ಮೋಸವೋ
ಸೊಸೈಟಿ ತಕ್ಕಡಿಯ ಮೋಸವೋ
ಯಾರಿಗೂ ಗೊತ್ತಾಗಲಿಲ್ಲ.
ಬೊಳ್ಳಿ ಮೊದಲು ನಕ್ಕಳು, ಆಮೇಲೆ ಎಲ್ಲರೂ,
ಏನೂ ತಿಳಿಯದ ಜಮೀಲಾ ಎಲ್ಲರಿಗಿಂತ ಜೋರಾಗಿ.
ನಾನೂ ನಗಬೇಕೆಂದಿದ್ದೆ.
ಕತ್ತಿನ ಹಿಂದೆ ಮೂವತ್ತು ಜನರ ಉಸಿರು.

ಧೈರ್ಯ ಅನ್ನಬೇಡಿ.
ಮರುದಿನ ದೊರೆ ಮಡಿಕೇರಿಗೆ ಹೋದದ್ದು ನೋಡಿಕೊಂಡೇ
ಕೊಕ್ಕೆಯನ್ನು ಕಾಲು ಸುತ್ತು ತಿರುಗಿಸಿದೆ.
ಪೂರ್ತಿಯಲ್ಲ, ಕಾಲು.
ನನಗೂ ಕಾಣಬೇಕು, ಅವರಿಗೂ ಕಾಣಬೇಕು,
ಆಫೀಸಿನ ಕಿಟಕಿಗೆ ಮಾತ್ರ
ಏನೂ ಬದಲಾದಂತೆ ಕಾಣಬಾರದು.

ನಾಲ್ಕನೇ ದಿನ ಕಂಡಿತು.
ದೊರೆ ಬಂದರು. ತಕ್ಕಡಿ ನೋಡಿದರು, ಸಾಲು ನೋಡಿದರು.
ಸಾಲು ಅವರನ್ನು ನೋಡಿತು.
ಜೀಪಿನ ಕೀಲಿ ಒಂದು ಕೈಯಿಂದ ಇನ್ನೊಂದಕ್ಕೆ ಹೋಯಿತು.
"ನಾನೇ ಹೇಳಬೇಕು ಅಂತಿದ್ದೆ" ಅಂದರು,
"ಎಲ್ಲರಿಗೂ ಕಾಣೋ ಹಾಗೆ ಇಡಿ ಅಂತ."
"ಹೌದು ಸರ್, ನೀವು ಹೇಳಿದ ಹಾಗೇ" ಅಂದೆ.

ಹೂಮಳೆ ಬಿದ್ದ ವಾರ ಬೆಳೆಗಾರರ ಸಭೆಯಲ್ಲಿ
ತಮ್ಮ ತೋಟದ ತಕ್ಕಡಿಯ ಬಗ್ಗೆ ಹತ್ತು ನಿಮಿಷ ಮಾತಾಡಿ
ಚಪ್ಪಾಳೆ ಗಿಟ್ಟಿಸಿದರಂತೆ. ಡ್ರೈವರ್ ಹೇಳಿದ.
ಹೊಟ್ಟೆ ಉರಿಯಿತು, ಸುಳ್ಳೇಕೆ.
ಚೋಮಿ ವೀಳ್ಯದೆಲೆ ಮಡಚುತ್ತಾ ಅಂದಳು:
"ಹೆಸ್ರು ಅವ್ರ ಕಡೆ ಇರ್ಲಿ. ಮುಳ್ಳು ಈ ಕಡೆ ಇರ್ಲಿ."

ಈಗ ನನ್ನ ಮೇಜಿಗೆ ಕಾಫಿ ಬರುವುದಿಲ್ಲ.
ಯಾರೂ ನಿಲ್ಲಿಸಿ ಎಂದಿಲ್ಲ. ಬರುವುದಿಲ್ಲ, ಅಷ್ಟೆ.
ಇಬ್ಬನಿಯ ಕಾಲು ಹೋಯಿತು. ಮಣ್ಣಿನದು ಇನ್ನೂ ಇದೆ.
ಜಮೀಲಾ ಅಂಕಿ ಕಲಿತಿದ್ದಾಳೆ,
ನಾನು ಹೇಳುವ ಮುಂಚೆ ತಾನೇ ಕೂಗುತ್ತಾಳೆ,
ಒಮ್ಮೊಮ್ಮೆ ತಪ್ಪಾಗಿ, ಒಂದು ಹೆಚ್ಚಿಗೆ.

ಚೋಮಿ ಮಾತ್ರ
ಮುಳ್ಳನ್ನು ನೋಡುವುದೇ ಇಲ್ಲ.
ಚೀಲ ಏರಿದಾಗ ಅವಳ ಕಣ್ಣು ನೆಟ್ಟಿರುವುದು
ನನ್ನ ಹೆಬ್ಬೆರಳ ಮೇಲೆ.