ಸ್ಟಾಪ್ ಆದಮೇಲೆ ಏನು ಬರುತ್ತದೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿ,
ಟೈಲರ್ ಅಂಗಡಿಯ ಮೇಲಿನ ಕೋಣೆ ನನ್ನದು.
ಸಂಜೆ ಆರೂವರೆಗೆ ಇಂಗ್ಲಿಷ್ ಪಾಠ. ಆರು ಜನ,
ಕರೆಂಟ್ ಹೋದರೆ ನಾಲ್ಕು.
ಕಿಟಕಿ ತೆರೆದರೆ ಬೆಂದ ಹುಳದ ವಾಸನೆ,
ಮುಚ್ಚಿದರೆ ನಮ್ಮದೇ.

ಆ ವಾರ ಹಲಗೆಯ ಮೇಲೆ ಜೆರಂಡ್, ಇನ್ಫಿನಿಟಿವ್.
ಎಂಜಾಯ್ ಆದಮೇಲೆ ಇಂಗ್, ವಾಂಟ್ ಆದಮೇಲೆ ಟು.
ಯಾಕೆ ಮೇಡಂ? ಅಂದ ಗೂಡು ತೂಗುವ ಬಯ್ಯಣ್ಣ.
ಯಾಕೆ ಅಂತ ನನಗೂ ಯಾರೂ ಹೇಳಿರಲಿಲ್ಲ,
ಬಾಯಿಪಾಠ ಮಾಡಿದ್ದೆ, ಬಿ.ಎಡ್. ಪಾಸಾಗಿದ್ದೆ.
ಸಮಯಕ್ಕೆ ಒದಗಿದ್ದು ಗೂಡು:
ನೋಡಿ, ಮಾಡುವ ಕೆಲಸ ತನ್ನನ್ನೇ ಸುತ್ತಿಕೊಂಡು
ಹೆಸರಾಗಿ ಕೂತರೆ ಜೆರಂಡ್, ಅಂಗೈಲಿ ಹಿಡಿಯಬಹುದು;
ಇನ್ನೂ ಬಿಚ್ಚದ ಎಳೆ, ಮುಂದೆ ಬರಬೇಕಾದ್ದು, ಟು.
ನನಗೇ ಹೆಮ್ಮೆಯಾಯಿತು.

"ಆದರೆ ಒಳಗಿನ ಹುಳ ಸತ್ತಿರುತ್ತಲ್ಲ,"
ಅಂದರು ಖಮರುನ್ನಿಸಾ.
ಹದಿನಾರು ವರ್ಷ ಬಿಚ್ಚಾಣಿಕೆ ಮಾಡಿದ ಬೆರಳು,
ಬಿಸಿನೀರಿಗೆ ಬೆಳ್ಳಗೆ ಸವೆದ ಉಗುರು.
ಮಗಳ ಸ್ಕೂಲಿನ ಡೈರಿಗೆ ತಾನೇ ಉತ್ತರ ಬರೆಯಬೇಕೆಂದು
ಮುಂಗಡ ಫೀಸು ಕೊಟ್ಟು ಸೇರಿದವರು.
ಮೊದಲ ಬೆಂಚು. ಬುರ್ಖಾದ ತೋಳು ಮೇಲೆ ಮಡಚಿ
ನೋಟ್‌ಬುಕ್ಕಿನ ಮೇಲೆ ಬಾಗಿದರೆ
ಬೇಸಿನ್ನಿನಲ್ಲಿ ಎಳೆಯ ತುದಿ ಹುಡುಕುವ ಹಾಗೇ.

ಮನೆಗೆಲಸ: ಸ್ಟಾಪ್ ಬಳಸಿ ಒಂದು ವಾಕ್ಯ.
ಬಯ್ಯಣ್ಣ ಬೀಡಿ ಬಿಟ್ಟಿದ್ದ, ಹಾಳೆಯ ಮೇಲೆ.
ಖಮರುನ್ನಿಸಾ ಬರೆದದ್ದು:
ಮೈ ಸಿಸ್ಟರ್ ಸ್ಟಾಪ್ಡ್ ಟು ಟಾಕ್ ಟು ಮಿ.

ಬೀದಿಗೆಲ್ಲ ಗೊತ್ತಿದ್ದ ಕಥೆ. ಅಕ್ಕತಂಗಿ,
ಒಂದೇ ಸಾಲು, ಒಂದೇ ನಲ್ಲಿ.
ಅಪ್ಪನ ನಾಲ್ಕು ಬೇಸಿನ್ನಿನ ಯೂನಿಟ್ಟು ಭಾಗವಾದಾಗಿನಿಂದ
ಹನ್ನೊಂದು ವರ್ಷ ಮಾತಿಲ್ಲ.
ಕೆಂಪು ಪೆನ್ನು ತಡೆಯಲಿಲ್ಲ. ಟು ಟಾಕ್ ಹೊಡೆದುಹಾಕಿ
ಟಾಕಿಂಗ್ ಎಂದು ಬರೆದೆ. ಅಂಚಿನಲ್ಲಿ ನಕ್ಷತ್ರ ಹಾಕಿ
ನಿಯಮವನ್ನೂ ಬರೆದೆ, ಸ್ವಲ್ಪ ಕರುಣೆಯಿಂದಲೇ.

ನಮ್ಮಲ್ಲಿ ನಿಲ್ಲುವುದು ಬೇರೆ, ನಿಲ್ಲಿಸುವುದು ಬೇರೆ.
ನಡುವೆ ಪುಟ್ಟದೊಂದು ಇಸು ಕಾವಲಿದೆ,
ಮಗುವೂ ಹಾದಿ ತಪ್ಪುವುದಿಲ್ಲ.
ಇಂಗ್ಲಿಷಿಗೆ ಎರಡಕ್ಕೂ ಒಂದೇ ಸ್ಟಾಪು;
ಬಾಗಿಲು ಮುಚ್ಚಿತೋ ತೆರೆಯಿತೋ
ಬಾಲ ನೋಡಿ ಹೇಳಬೇಕು.
ಕೋಣೆಗೆ ಬೀಗ ಹಾಕಿದ್ದು ನೆನಪಿದ್ದರೆ ಇಂಗ್,
ಬೀಗ ಹಾಕಲು ನೆನಪಾದರೆ ಟು.
ಎರಡೂ ಖಾತ್ರಿಯಿಲ್ಲದೆ ಬಸ್‌ಸ್ಟ್ಯಾಂಡಿನಿಂದ
ವಾಪಸು ನಡೆದು ಬಂದ ನನ್ನ ರಾತ್ರಿಗಳಿಗೆ
ಗ್ರಾಮರಿನಲ್ಲಿ ಹೆಸರಿಲ್ಲ.

ಮರುದಿನ ನೋಟ್‌ಬುಕ್ ತೆರೆದು
ಅವರು ಬಹಳ ಹೊತ್ತು ಸುಮ್ಮನಿದ್ದರು.
ಕೆಳಗೆ ಹೊಲಿಗೆ ಮೆಷಿನ್ನು ಓಡುತ್ತಿತ್ತು,
ನಿಂತಿತು, ಮತ್ತೆ ಓಡಿತು.

"ಮೇಡಂ, ನೀವು ಬರೆದಿರೋದು ಹೋದ ವರ್ಷದ್ದು.
ನಾನು ಬರೆದದ್ದು ಸೋಮವಾರದ್ದು.
ದಿಬ್ಬೂರಹಳ್ಳಿ ರಸ್ತೇಲಿ, ವೇಬ್ರಿಜ್ ಹತ್ರ,
ನಮ್ಮ ಆಪಾ ಆಟೋ ನಿಲ್ಲಿಸಿದಳು. ಇಳಿದಳು.
ನನ್ನ ಮುಂದೆ ಬಂದು ನಿಂತು
ಗೂಡು ಇವತ್ತು ಏನ್ ರೇಟು ಅಂದಳು.
ಅಷ್ಟೇ. ರೇಟು ಅವಳಿಗೆ ಗೊತ್ತಿತ್ತು,
ಮಾರ್ಕೆಟ್ಟಿಂದಲೇ ಬರ್ತಿದ್ದಳು,
ಆಟೋ ತುಂಬ ಗೂಡಿನ ಚೀಲ."

ವಾಕ್ಯ ಸರಿಯಿತ್ತು.
ನಾನು ನೋಡುವ ಮುಂಚೆಯೇ ಸರಿಯಿತ್ತು.
ನನ್ನ ಟಾಕಿಂಗ್ ಮೇಲೆ ನಾನೇ ಗೆರೆ ಎಳೆದೆ,
ಕೆಂಪಿನ ಮೇಲೆ ಕೆಂಪು, ಹಾಳೆ ಹರಿಯುವಷ್ಟು.

"ನೀವೇನಂದ್ರಿ?" ಕೇಳಿದ್ದು ಬಯ್ಯಣ್ಣ.
"ರೇಟು ಹೇಳಿದೆ. ಹತ್ತು ರೂಪಾಯಿ ತಪ್ಪಾಗಿ ಹೇಳಿದೆ,
ತಿದ್ದಲಿ ಅಂತ."
"ತಿದ್ದಿದರಾ?"
ಪೆನ್ನಿನ ಮುಚ್ಚಳ ಹಾಕಿ, ತೋಳು ಇಳಿಸಿ,
"ಕಾಲು ಗಂಟೆ," ಅಂದರು.