ಕೊಸರು

ತಲೆಗೂದಲು ಬಂತು. ಹಣೆ ಬಂತು.
ಹಣೆಯ ಮೇಲಿನ ಮೂರು ಗೆರೆ ವಿಭೂತಿ ಬಂತು.
ಹುಬ್ಬು, ಕನ್ನಡಕ, ಮೂಗು,
ಮೀಸೆಯ ಮೇಲಂಚು.
ಅಲ್ಲಿಗೆ ನಿಂತಿತು.

ಬಾಯಿ ಬರಲಿಲ್ಲ.

ಪರದೆಯ ಮರಳುಗಡಿಯಾರ ತಲೆಕೆಳಗಾಯಿತು,
ಮತ್ತೆ ತಲೆಕೆಳಗಾಯಿತು.
ಸ್ಟೂಲಿನ ತುದಿಯಲ್ಲಿ ಕೂತಿದ್ದ ಓಂಕಾರಪ್ಪನವರ ಮಗಳು
"ನಮ್ಮ ಅಪ್ಪಾಜಿ ಯಾವಾಗ್ಲೂ ಹಿಂಗೇ ರೀ,
ಏನು ಕೇಳಿದ್ರೂ ಬಾಯಿ ಬಿಡ್ತಿರಲಿಲ್ಲ" ಅಂದಳು.
ನಕ್ಕಳೋ ಏನೋ. ನಾನು ತಿರುಗಿ ನೋಡಲಿಲ್ಲ.
ನಾಳೆ ಮೂರನೇ ವರ್ಷದ ಪುಣ್ಯಸ್ಮರಣೆ.
ಸಂಜೆ ಐದರೊಳಗೆ ಪೇಪರಿಗೆ ಕಳಿಸಬೇಕು,
ಎರಡು ಕಾಲಂ, ಹತ್ತು ಸೆಂಟಿಮೀಟರ್.

ದಾದಾಪೀರ ಬಂದ, ಹಲ್ಲಿನ ನಡುವೆ ಸ್ಕ್ರೂಡ್ರೈವರು.
"ಮಿಷನ್ ಕೆಟ್ಟಿಲ್ಲ ಅಕ್ಕಾರೆ. ಹೆಂಚು ಸಣ್ಣದು.
ನೀವು ಒಂದೇ ಸಲಕ್ಕೆ ಎಂಟು ದೋಸೆ ಹುಯ್ತೀರಿ."
ಪಕ್ಕದ ತಗಡು ಕಳಚಿದ.

ಒಳಗೆ ದಾವಣಗೆರೆಯೇ ಇತ್ತು:
ಮಂಡಕ್ಕಿ ಭಟ್ಟಿಯ ಹೊಟ್ಟಿನ ಬೂದಿ, ಹನ್ನೊಂದು ವರ್ಷದ್ದು,
ಫ್ಯಾನಿನ ರೆಕ್ಕೆಗೆ ಹೊದ್ದ ಕಪ್ಪು ಕಂಬಳಿ,
ಹಲ್ಲಿಮೊಟ್ಟೆಯ ಒಡೆದ ಸಿಪ್ಪೆ,
ಯಾರ್ಯಾರದೋ ಮದುವೆ ಕಾರ್ಡಿನಿಂದ ಉದುರಿದ ಜರಿಪುಡಿ
ಎಲ್ಲೆಲ್ಲೋ ಮಿಣುಕುತ್ತ.
ಬ್ಲೋವರ್ ಹಚ್ಚಿದ.
ಇಡೀ ಅಂಗಡಿ ಕೆಮ್ಮಿತು.

ಎರಡು ತುದಿಯ ಬಿಳಿ ಕಿವಿಗಳನ್ನು ಹಿಂದಕ್ಕೆ ಬಗ್ಗಿಸಿ
ಒಂದು ಜಿಬಿಯ ಹಳೆಯ ಪಟ್ಟಿ ಕಿತ್ತ.
ಜೇಬಿನಲ್ಲಿತ್ತು ಹಳೇ ಪೇಪರಿನ ಪೊಟ್ಟಣ,
ಅದರಲ್ಲಿ ಹಸಿರು ಪಟ್ಟಿ ಎರಡು, ತಲಾ ಎರಡು ಜಿಬಿ.
"ಎಲ್ಲಿಯವು?"
"ವಿನೋಬನಗರದಾಗೆ ಸೈಬರ್ ಕೆಫೆ ಮುಚ್ಚಿದ್ರಲ್ರೀ, ಅಲ್ಲೀವು."
ಮನಸ್ಸು ಯಾಕೋ ಹಿಂಜರಿಯಿತು.
ಎಷ್ಟು ಹುಡುಗರ ಪಾಸ್‌ವರ್ಡು ಹಾದಿರಬೇಕು ಇದರೊಳಗೆ,
ಯಾವ ಹುಡುಗಿ ನೋಡಿ ಅತ್ತಿರಬೇಕು ತನ್ನ ನಂಬರಿನ ಸಾಲು.
"ಏನೂ ಉಳಿಯಂಗಿಲ್ಲ. ಕರೆಂಟ್ ಹೋತಂದ್ರೆ ತೊಳೆದ ಸ್ಲೇಟು.
ಹೆಸರಿಗಷ್ಟೇ ಮೆಮೊರಿ ಅಕ್ಕಾರೆ."

ನನ್ನ ಮಗಳ ರಬ್ಬರು ಇಸಿದುಕೊಂಡ,
ಮಾವಿನಹಣ್ಣಿನ ವಾಸನೆಯದು;
ಪಟ್ಟಿಯ ಚಿನ್ನದ ಹಲ್ಲುಗಳನ್ನು ತಿಕ್ಕಿದ. ಕೂರಿಸಿದ.
ಕಟ್. ಕಟ್.
ಸ್ವಿಚ್ಚು ಹಾಕಿದರೆ ಉದ್ದನೆಯ ಮೂರು ಕೂಗು.
"ಹೊಸ ಮನೆ, ರಚ್ಚೆ ಹಿಡಿದಾವೆ."
ಮತ್ತೆ ತೆಗೆದ, ತಿಕ್ಕಿದ, ಹೆಬ್ಬೆರಳಿಂದ ಒತ್ತಿದ.
ಈ ಸಲ ಒಂದೇ ಒಂದು ಪುಟ್ಟ ಪೀಂಕ್.

ಪರದೆಯ ಲೆಕ್ಕ ಮೂರೂಕಾಲಿಗೆ ನಿಂತಿತು.
"ನಾಲ್ಕು ಅಂದಿದ್ದೆ. ನಾಲ್ಕರ ದುಡ್ಡು ಹೇಳಿದ್ದೆ."
"ನಾಲ್ಕೇ ಐತ್ರೀ. ಈ ಹಳೇ ವಿಂಡೋಸಿಗೆ ಕಣ್ಣು ಅಷ್ಟೇ.
ಮುಕ್ಕಾಲು ಐತಿ, ಅದಕ್ಕೆ ಕಾಣಂಗಿಲ್ಲ."
"ಹಂಗಾದ್ರೆ ಹೊಸದು ಹಾಕು."
"ಹಾಕಿದ್ರೆ ನಿಮ್ಮ ಹಳೇ ಫಾಂಟು, ಆ ಪ್ರಿಂಟರು, ಎರಡೂ ಕೈಕೊಡ್ತಾವೆ."

ಭಟ್ಟಿಯ ಬಾಗಿಲಲ್ಲಿ ಕೂತು ಮಂಡಕ್ಕಿ ಅಳೆಯುತ್ತಿದ್ದಳು ನನ್ನವ್ವ.
ಸೇರು ತುಂಬಿದ ಮೇಲೂ ಒಂದು ಬೊಗಸೆ,
ಬೀದಿಯ ಕಡೆ ನೋಡುತ್ತ,
ಕೈ ತನ್ನದಲ್ಲವೆಂಬಂತೆ ಸುರಿಯುತ್ತಿದ್ದಳು.
ಕೊಸರು.
ಬುಕ್ಕಿನಲ್ಲಿ ಅದಕ್ಕೊಂದು ಸಾಲಿರಲಿಲ್ಲ.
ಭಟ್ಟಿಯ ಯಜಮಾನನಿಗೂ ಕಣ್ಣು ಅಷ್ಟೇ ಇತ್ತು.

ಇರಲಿ ಬಿಡು ಅಂದೆ. ಫೈಲು ಒತ್ತಿದೆ.

ಓಂಕಾರಪ್ಪ ಒಮ್ಮೆಗೇ ಬಂದುಬಿಟ್ಟರು,
ಗದ್ದ, ಶಾಲು, ಬೆನ್ನ ಹಿಂದಿನ ಕ್ಯಾಲೆಂಡರಿನ ಸಮೇತ.
ಬಾಯಿ ಕೊಂಚ ತೆರೆದಿತ್ತು,
ಏನೋ ಹೇಳಲು ಹೊರಟ ಹಾಗೆ.

ಮಗಳು ಸ್ಟೂಲಿನಿಂದ ಎದ್ದಳು.
"ಇಷ್ಟು ಜಲ್ದಿ..." ಅಂದಳು, ಮುಂದೆ ಹೇಳಲಿಲ್ಲ.
ಸೆರಗಿನ ತುದಿ ಬೆರಳಿಗೆ ಸುತ್ತಿತು, ಬಿಚ್ಚಿತು, ಸುತ್ತಿತು.
ದಾದಾಪೀರ ನಾಲ್ಕನೇ ಸ್ಕ್ರೂ ಹುಡುಕುತ್ತ
ಮೇಜಿನ ಕೆಳಗೆ ಹೋದವನು ಅಲ್ಲೇ ಉಳಿದ.

ಗಂಟೆ ನಾಲ್ಕೂಕಾಲು.
ಕ್ಯಾಲೆಂಡರು ಅಳಿಸಬೇಕು, ಅಂಚು ಕತ್ತರಿಸಬೇಕು,
ಹೆಸರಿನ ಕೆಳಗೆ ದುಃಖತಪ್ತರ ಪಟ್ಟಿ ಕೂರಿಸಬೇಕು.
ಮೌಸಿನ ಮೇಲಿಂದ ಕೈ ತೆಗೆದೆ.

"ಇನ್ನೂ ಪೂರ್ತಿ ಬಂದಿಲ್ಲ,
ಕೂತ್ಕೋ ತಂಗಿ" ಅಂದೆ.